ವಿಕಾಸದ ಪಾಠ ಬಂದಾಗ ಮೇಷ್ಟ್ರು ಯಾಕೆ ಪುಟ ಹಾರಿಸುತ್ತಾರೆ?

ಪದದಿಂದಲೇ ಶುರು ಮಾಡೋಣ. ಕನ್ನಡದಲ್ಲಿ ನಾವು 'ವಿಕಾಸವಾದ' ಅನ್ನುತ್ತೇವೆ. ಈ ಪದದ ಎರಡು ತುಂಡುಗಳೂ ದಾರಿ ತಪ್ಪಿಸುತ್ತವೆ. 'ವಾದ' ಅಂದ ಕೂಡಲೇ ಯಾರೋ ಒಬ್ಬರು ಮುಂದಿಟ್ಟ ಮಾತು, ಅದಕ್ಕೊಂದು ಪ್ರತಿವಾದವೂ ಇರಬೇಕು ಅನ್ನಿಸುತ್ತದೆ. ಗುರುತ್ವಾಕರ್ಷಣೆಯನ್ನು ಯಾರೂ 'ಗುರುತ್ವವಾದ' ಅಂತ ಕರೆಯುವುದಿಲ್ಲ, ಅಲ್ವಾ? ಇನ್ನು 'ವಿಕಾಸ' ಅಂದರೆ ಅರಳುವುದು, ಬೆಳೆದು ಮೇಲೇರುವುದು. ವ್ಯಕ್ತಿತ್ವ ವಿಕಾಸ ಅನ್ನುವಾಗ ಅದೇ ಅರ್ಥ. ಹಾಗಾಗಿ ಜೀವಿಗಳೆಲ್ಲ ಮೆಟ್ಟಿಲು ಹತ್ತುತ್ತಾ ಬಂದು, ಕೊನೆಯ ಮೆಟ್ಟಿಲಲ್ಲಿ ಮನುಷ್ಯ ನಿಂತ ಎಂಬ ಚಿತ್ರ ತಾನಾಗಿ ಕಣ್ಣಿಗೆ ಕಟ್ಟುತ್ತದೆ.

ಅದರ ಮೇಲೆ 'ಮಂಗನಿಂದ ಮಾನವ' ಎಂಬ ಮಾತು ಬೇರೆ. ಪ್ರಾಸ ಚೆನ್ನಾಗಿದೆ, ವಿಜ್ಞಾನ ಚೆನ್ನಾಗಿಲ್ಲ. ಈ ಮಾತು ಕೇಳಿದ ಯಾವ ಮಗುವಾದರೂ ಕೇಳುವ ಮೊದಲ ಪ್ರಶ್ನೆ ಇದು: ಹಾಗಾದರೆ ಮಂಗಗಳು ಇನ್ನೂ ಯಾಕಿವೆ? ನ್ಯಾಯವಾದ ಪ್ರಶ್ನೆಯೇ. ಉತ್ತರವೂ ಸುಲಭ. ನಿಮ್ಮ ದೊಡ್ಡಪ್ಪನ ಮಗ ನಿಮ್ಮ ಅಪ್ಪನಲ್ಲ. ಇಬ್ಬರಿಗೂ ತಾತ ಒಬ್ಬರೇ, ಅಷ್ಟೆ. ಅವನು ಇರುವುದಕ್ಕೂ ನೀವು ಇರುವುದಕ್ಕೂ ಜಗಳವಿಲ್ಲ. ಚಿಂಪಾಂಜಿಗೂ ನಮಗೂ ಇರುವ ನಂಟು ಅಂಥದ್ದು. ನಮ್ಮಿಬ್ಬರ ಆ 'ತಾತ' ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಬದುಕಿದ್ದ ಒಂದು ಜೀವಿ. ಅದು ಇಂದಿನ ಚಿಂಪಾಂಜಿಯೂ ಅಲ್ಲ, ಮನುಷ್ಯನೂ ಅಲ್ಲ.

ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಹೇಳಿದ್ದರ ತಿರುಳು ಇಷ್ಟು. ಒಂದೇ ಜಾತಿಯ ಜೀವಿಗಳಲ್ಲೂ ಒಂದರಂತೆ ಇನ್ನೊಂದು ಇರುವುದಿಲ್ಲ. ಈ ವ್ಯತ್ಯಾಸಗಳಲ್ಲಿ ಕೆಲವು ಮರಿಗಳಿಗೆ ಇಳಿದು ಬರುತ್ತವೆ. ಹುಟ್ಟಿದವೆಲ್ಲ ಬದುಕಿ ಮರಿ ಹಾಕುವುದಿಲ್ಲ. ಆ ಜಾಗಕ್ಕೆ, ಆ ಕಾಲಕ್ಕೆ ಹೊಂದುವ ಗುಣ ಇರುವವು ಸ್ವಲ್ಪ ಜಾಸ್ತಿ ಮರಿ ಬಿಟ್ಟು ಹೋಗುತ್ತವೆ. ಹೀಗೆ ಸಾವಿರಾರು ತಲೆಮಾರು ಕಳೆದರೆ ಇಡೀ ಗುಂಪೇ ಬದಲಾಗಿರುತ್ತದೆ. ಇದನ್ನೇ ನೈಸರ್ಗಿಕ ಆಯ್ಕೆ ಅನ್ನುವುದು. ಇಲ್ಲಿ ಮೇಲು-ಕೀಳು ಇಲ್ಲ, ಗುರಿಯೂ ಇಲ್ಲ. ಗುಹೆಯ ಕತ್ತಲಲ್ಲಿ ಕಣ್ಣು ಕಳೆದುಕೊಂಡ ಮೀನೂ ವಿಕಾಸದ ಫಲವೇ.

ಇಷ್ಟರಲ್ಲಿ ಜಗಳಕ್ಕೆ ಕಾರಣ ಏನಿದೆ? ಮೀನಿನ ಕಣ್ಣಿನ ಬಗ್ಗೆ ಯಾರೂ ಬೀದಿಗೆ ಇಳಿದಿಲ್ಲ. ಜಗಳ ಶುರುವಾಗುವುದು ಮನುಷ್ಯನೂ ಈ ಪಟ್ಟಿಯಲ್ಲಿ ಸೇರಿದಾಗ. ದೇವರು ಮನುಷ್ಯನನ್ನು ಬೇರೆಯಾಗಿ, ತನ್ನ ರೂಪದಲ್ಲೇ ಸೃಷ್ಟಿಸಿದ ಎಂದು ನಂಬುವ ಮನೆಯಿಂದ ಬಂದ ಮಗುವಿಗೆ ಇದು ಬರೀ ಜೀವಶಾಸ್ತ್ರದ ಪಾಠವಲ್ಲ. ತಾನು ಯಾರು, ತನ್ನ ಅಪ್ಪ-ಅಮ್ಮ ಹೇಳಿದ್ದು ಸುಳ್ಳೇ ಎಂಬ ಪ್ರಶ್ನೆ ಅದು. ಇದನ್ನು ಮರೆತು ಈ ವಿಷಯ ಬರೆಯುವವರು ಸಾಮಾನ್ಯವಾಗಿ ಒಂದು ಕಡೆಯವರನ್ನು ಮುಠ್ಠಾಳರು ಮಾಡಿ ಮುಗಿಸುತ್ತಾರೆ. ಕಥೆ ಅಷ್ಟು ಸರಳವಿಲ್ಲ.

ಡೇಟನ್ ಊರಿನ ಔಷಧಿ ಅಂಗಡಿ

ಈ ಜಗಳದ ಅತಿ ಪ್ರಸಿದ್ಧ ಅಧ್ಯಾಯ ನಡೆದದ್ದು ಅಮೆರಿಕದ ಟೆನೆಸಿ ರಾಜ್ಯದಲ್ಲಿ. 1925ರ ಮಾರ್ಚಿನಲ್ಲಿ ಅಲ್ಲಿ ಬಟ್ಲರ್ ಕಾಯ್ದೆ ಬಂತು. ಮನುಷ್ಯ ಕೆಳಗಿನ ಪ್ರಾಣಿಗಳಿಂದ ಬಂದ ಎಂದು ಸರ್ಕಾರಿ ಶಾಲೆಯಲ್ಲಿ ಕಲಿಸಿದರೆ ದಂಡ. ಇದನ್ನು ಕೋರ್ಟಿನಲ್ಲಿ ಪರೀಕ್ಷಿಸಲು ತಯಾರಿರುವ ಶಿಕ್ಷಕ ಸಿಕ್ಕರೆ ಖರ್ಚು ನಮ್ಮದು ಎಂದು ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಜಾಹೀರಾತು ಕೊಟ್ಟಿತು. ಡೇಟನ್ ಎಂಬ ಪುಟ್ಟ ಊರಿನ ಕೆಲವರು ಔಷಧಿ ಅಂಗಡಿಯಲ್ಲಿ ಕೂತು ಲೆಕ್ಕ ಹಾಕಿದರು. ಕೇಸು ಇಲ್ಲೇ ನಡೆದರೆ ಊರಿಗೆ ಹೆಸರು, ವ್ಯಾಪಾರ ಎರಡೂ ಬರುತ್ತದೆ. 24 ವರ್ಷದ ಜಾನ್ ಸ್ಕೋಪ್ಸ್ ಎಂಬ ಶಿಕ್ಷಕನನ್ನು ಕರೆಸಿದರು. ಅವನು ಮುಖ್ಯವಾಗಿ ಫುಟ್‌ಬಾಲ್ ಕೋಚ್. ಜೀವಶಾಸ್ತ್ರದ ಮೇಷ್ಟ್ರು ರಜೆ ಇದ್ದಾಗ ಕೆಲವು ದಿನ ಆ ತರಗತಿ ನೋಡಿಕೊಂಡಿದ್ದ. ಆರೋಪಿಯಾಗಲು ಒಪ್ಪಿಕೊಂಡ.

ತಮಾಷೆ ಏನೆಂದರೆ, ರಾಜ್ಯ ಸರ್ಕಾರ ತಾನೇ ಒಪ್ಪಿ ಶಾಲೆಗಳಿಗೆ ಕೊಟ್ಟಿದ್ದ ಜೀವಶಾಸ್ತ್ರದ ಪಠ್ಯಪುಸ್ತಕದಲ್ಲೇ ವಿಕಾಸದ ಪಾಠ ಇತ್ತು. ಪುಸ್ತಕ ಬಳಸಲೇಬೇಕು, ಅದರಲ್ಲಿರುವುದನ್ನು ಕಲಿಸಬಾರದು! ಆ ಪುಸ್ತಕ ಮಾರಾಟವಾಗುತ್ತಿದ್ದದ್ದೂ ಅದೇ ಔಷಧಿ ಅಂಗಡಿಯಲ್ಲಿ.

ಆದರೆ ಆ ಪುಸ್ತಕದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಇದನ್ನು ಜಾಸ್ತಿ ಯಾರೂ ಹೇಳುವುದಿಲ್ಲ. ಅದು ಮನುಷ್ಯರನ್ನು ಐದು ಜನಾಂಗಗಳಾಗಿ ಹಂಚಿ ಬಿಳಿಯರನ್ನು ಎಲ್ಲರಿಗಿಂತ ಮೇಲೆ ಇಟ್ಟಿತ್ತು. 'ಕೀಳು' ಕುಟುಂಬಗಳು ಸಮಾಜಕ್ಕೆ ಪರಾವಲಂಬಿಗಳು, ಅವುಗಳ ಸಂತಾನ ಬೆಳೆಯಬಾರದು ಎಂಬ ಸುಜನನಶಾಸ್ತ್ರದ ಪಾಠವನ್ನೂ ಹೇಳಿತ್ತು. ಸರ್ಕಾರದ ಪರವಾಗಿ ವಾದಿಸಿದ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಮೂರು ಸಲ ಅಧ್ಯಕ್ಷ ಚುನಾವಣೆಗೆ ನಿಂತು ಸೋತವರು, ರೈತರ, ಕೂಲಿಕಾರರ ಪರ ಮಾತಾಡುತ್ತಿದ್ದವರು. ಬಲಿಷ್ಠರೇ ಉಳಿಯಬೇಕು ಎಂಬ ಮಾತು ಬಡವರನ್ನು ತುಳಿಯಲು, ಯುದ್ಧ ಮಾಡಲು ನೆಪವಾಗುತ್ತದೆ ಎಂಬುದು ಅವರ ಭಯಗಳಲ್ಲಿ ಒಂದಾಗಿತ್ತು. ವಿಜ್ಞಾನದ ವಿಷಯದಲ್ಲಿ ಅವರು ತಪ್ಪಿದ್ದರು. ಆ ಭಯ ಮಾತ್ರ ಪೂರ್ತಿ ಗಾಳಿಮಾತಾಗಿರಲಿಲ್ಲ. ಪ್ರಕೃತಿಯಲ್ಲಿ ಹೀಗೆ ನಡೆಯುತ್ತದೆ ಅನ್ನುವುದು ಬೇರೆ, ನಾವು ಹೀಗೆ ನಡೆದುಕೊಳ್ಳಬೇಕು ಅನ್ನುವುದು ಬೇರೆ. ಆ ಪಠ್ಯಪುಸ್ತಕವೇ ಈ ಎರಡನ್ನು ಕಲಸಿಬಿಟ್ಟಿತ್ತು.

ಜುಲೈನಲ್ಲಿ ವಿಚಾರಣೆ ನಡೆಯಿತು. ಸ್ಕೋಪ್ಸ್ ಪರ ಕ್ಲಾರೆನ್ಸ್ ಡ್ಯಾರೋ ನಿಂತರು. ತೀರ್ಮಾನಿಸಲು ಜ್ಯೂರಿಗೆ ಒಂಬತ್ತೇ ನಿಮಿಷ ಸಾಕಾಯಿತು. ತಪ್ಪಿತಸ್ಥ, 100 ಡಾಲರ್ ದಂಡ. ಅಷ್ಟು ದಂಡ ವಿಧಿಸಬೇಕಾದ್ದು ಜ್ಯೂರಿ, ನ್ಯಾಯಾಧೀಶರಲ್ಲ ಎಂಬ ತಾಂತ್ರಿಕ ಕಾರಣಕ್ಕೆ 1927ರಲ್ಲಿ ಮೇಲಿನ ಕೋರ್ಟು ಶಿಕ್ಷೆ ರದ್ದು ಮಾಡಿತು. ಕಾಯ್ದೆ ಹಾಗೇ ಉಳಿಯಿತು, 1967ರವರೆಗೂ. ಪತ್ರಿಕೆಗಳು ವಿಜ್ಞಾನ ಗೆದ್ದಿತು ಎಂಬಂತೆ ಬರೆದವು. ತರಗತಿಯಲ್ಲಿ ಆದದ್ದು ತಿರುಗುಮುರುಗು. ಪ್ರಕಾಶಕರಿಗೆ ಪುಸ್ತಕ ಮಾರಾಟವಾಗಬೇಕಿತ್ತು. ಎಷ್ಟೋ ಪಠ್ಯಗಳಿಂದ 'ವಿಕಾಸ' ಎಂಬ ಪದವೇ ಸದ್ದಿಲ್ಲದೆ ಜಾರಿಹೋಯಿತು. ಅದು ಮತ್ತೆ ಗಟ್ಟಿಯಾಗಿ ಒಳಬಂದದ್ದು 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹ ಹಾರಿಸಿ, ಅಮೆರಿಕ ತನ್ನ ವಿಜ್ಞಾನ ಶಿಕ್ಷಣದ ಬಗ್ಗೆ ಗಾಬರಿ ಬಿದ್ದ ಮೇಲೆ.

ನಿಷೇಧದಿಂದ 'ಎರಡೂ ಹೇಳಿ'ವರೆಗೆ

1968ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅರ್ಕನ್ಸಾ ರಾಜ್ಯದ ಇಂಥದ್ದೇ ನಿಷೇಧವನ್ನು ಹೊಡೆದುಹಾಕಿತು. ಒಂದು ಧರ್ಮದ ನಂಬಿಕೆಗೆ ಒಪ್ಪುವುದಿಲ್ಲ ಎಂಬ ಕಾರಣಕ್ಕೆ ಸರ್ಕಾರಿ ಶಾಲೆಯ ಪಾಠ ನಿಲ್ಲಿಸುವಂತಿಲ್ಲ ಎಂದಿತು. ಅಲ್ಲಿಂದ ತಂತ್ರ ಬದಲಾಯಿತು. ವಿಕಾಸ ಬೇಡ ಅನ್ನುವುದನ್ನು ಬಿಟ್ಟು, ಅದರ ಜೊತೆ 'ಸೃಷ್ಟಿ ವಿಜ್ಞಾನ'ಕ್ಕೂ ಸಮ ಸಮಯ ಕೊಡಿ ಎಂಬ ಬೇಡಿಕೆ ಬಂತು.

ಕೇಳಲು ಎಷ್ಟು ನ್ಯಾಯವಾಗಿದೆ ನೋಡಿ. ಎರಡೂ ಕಡೆ ಹೇಳಿ, ಮಕ್ಕಳೇ ತೀರ್ಮಾನಿಸಲಿ. ನನಗೂ ಮೊದಲ ಸಲ ಕೇಳಿದಾಗ ಇದರಲ್ಲೇನು ತಪ್ಪು ಅನ್ನಿಸಿತ್ತು. ಆದರೆ ಎರಡೇ ಕಡೆ ಅಂತ ಯಾರು ಹೇಳಿದ್ದು? ಸೃಷ್ಟಿಯ ಕಥೆ ಎಷ್ಟೋ ಧರ್ಮಗಳಲ್ಲಿ ಇದೆ, ಎಷ್ಟೋ ಬುಡಕಟ್ಟುಗಳಲ್ಲೂ ಇದೆ. ಯಾವುದಕ್ಕೆ ಆ ಎರಡನೇ ಕುರ್ಚಿ? ಅದಕ್ಕಿಂತ ಮುಖ್ಯವಾದ ತೊಡಕು ಇನ್ನೊಂದಿದೆ. ವಿಜ್ಞಾನದ ತರಗತಿಗೆ ಒಂದು ವಿಚಾರ ಬರಬೇಕಾದರೆ ಅದು ಮೊದಲು ಹೊರಗೆ ಪ್ರಯೋಗ, ಪುರಾವೆ, ಬೇರೆ ವಿಜ್ಞಾನಿಗಳ ಟೀಕೆ ಎಲ್ಲವನ್ನೂ ದಾಟಿ ಬಂದಿರಬೇಕು. ಹದಿನೈದು ವರ್ಷದ ಮಕ್ಕಳ ಮುಂದೆ ಇಟ್ಟು ಕೈ ಎತ್ತಿಸಿ ತೀರ್ಮಾನಿಸುವ ಪದ್ಧತಿ ರಸಾಯನಶಾಸ್ತ್ರದಲ್ಲಿ ಇಲ್ಲ, ಭೌತಶಾಸ್ತ್ರದಲ್ಲೂ ಇಲ್ಲ.

ಅರ್ಕನ್ಸಾದ ಸಮ ಸಮಯದ ಕಾಯ್ದೆ 1982ರಲ್ಲಿ ಕೋರ್ಟಿನಲ್ಲಿ ಬಿತ್ತು. ಅದನ್ನು ಪ್ರಶ್ನಿಸಿದವರ ಪಟ್ಟಿಯಲ್ಲಿ ಮೊದಲ ಹೆಸರು ಒಬ್ಬ ಮೆಥಡಿಸ್ಟ್ ಪಾದ್ರಿಯದು. ಅವರ ಜೊತೆ ಬೇರೆ ಬೇರೆ ಪಂಥಗಳ ಧರ್ಮಗುರುಗಳೂ ಇದ್ದರು. ಅಂದರೆ ಧರ್ಮ ಒಂದು ಕಡೆ, ವಿಜ್ಞಾನ ಇನ್ನೊಂದು ಕಡೆ ಎಂಬ ಗೆರೆ ಇಲ್ಲಿ ಕೆಲಸ ಮಾಡುವುದಿಲ್ಲ. ಸರ್ಕಾರ ಒಂದು ಪಂಥದ ನಂಬಿಕೆಯನ್ನು ವಿಜ್ಞಾನದ ಅಂಗಿ ತೊಡಿಸಿ ಎಲ್ಲ ಮಕ್ಕಳಿಗೂ ಕಲಿಸುವುದು ಆ ಪಾದ್ರಿಗಳಿಗೇ ಬೇಕಿರಲಿಲ್ಲ. 1987ರಲ್ಲಿ ಲೂಸಿಯಾನದ ಇಂಥದ್ದೇ ಕಾಯ್ದೆಯನ್ನು ಸುಪ್ರೀಂ ಕೋರ್ಟು 7-2 ಬಹುಮತದಲ್ಲಿ ರದ್ದು ಮಾಡಿತು.

ಆಗ ಬಂದದ್ದು 'ಇಂಟೆಲಿಜೆಂಟ್ ಡಿಸೈನ್'. ಇಲ್ಲಿ ದೇವರ ಹೆಸರೇ ಇಲ್ಲ. ಜೀವಕೋಶದ ಕೆಲವು ಯಂತ್ರಗಳು ಎಷ್ಟು ಸಂಕೀರ್ಣ ಅಂದರೆ, ಒಂದು ಭಾಗ ತೆಗೆದರೂ ಕೆಲಸ ಮಾಡುವುದಿಲ್ಲ. ಅಂಥದ್ದು ಸ್ವಲ್ಪ ಸ್ವಲ್ಪವಾಗಿ ಆಗಿರಲು ಸಾಧ್ಯವಿಲ್ಲ, ಯಾರೋ ಬುದ್ಧಿವಂತರು ವಿನ್ಯಾಸ ಮಾಡಿರಬೇಕು ಎಂಬುದು ವಾದ. (ಇದು ನಿಜಕ್ಕೂ ವಾದ.) ಬ್ಯಾಕ್ಟೀರಿಯಾದ ಬಾಲ ಅವರ ಮೆಚ್ಚಿನ ಉದಾಹರಣೆ. ಆದರೆ ಆ ಬಾಲದ ಕೆಲವೇ ಭಾಗಗಳಿರುವ ಒಂದು ರಚನೆ ಬೇರೆ ಬ್ಯಾಕ್ಟೀರಿಯಾಗಳಲ್ಲಿ ವಿಷ ಚುಚ್ಚುವ ಸೂಜಿಯಾಗಿ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಭಾಗ ಕಡಿಮೆಯಾದರೆ ಆ ಕೆಲಸ ನಿಲ್ಲಬಹುದು, ಬೇರೆ ಕೆಲಸ ನಡೆಯುತ್ತದೆ.

2004ರಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಎಂಬಲ್ಲಿ ಶಾಲಾ ಮಂಡಳಿಯೊಂದು, ವಿಕಾಸದ ಪಾಠಕ್ಕೆ ಮೊದಲು ಒಂದು ಹೇಳಿಕೆ ಓದಬೇಕು ಎಂದು ಆದೇಶಿಸಿತು. ಡಾರ್ವಿನ್ ಹೇಳಿದ್ದು ಒಂದು ಸಿದ್ಧಾಂತ, ಸತ್ಯಸಂಗತಿ ಅಲ್ಲ, ಇಂಟೆಲಿಜೆಂಟ್ ಡಿಸೈನ್ ಬಗ್ಗೆ ತಿಳಿಯಲು ಇಂಥ ಪುಸ್ತಕ ಇದೆ ಎಂಬ ಅರ್ಥದ ಹೇಳಿಕೆ. ವಿಜ್ಞಾನ ಶಿಕ್ಷಕರು ನಾವು ಓದುವುದಿಲ್ಲ ಎಂದರು. ಆಡಳಿತದವರೇ ಬಂದು ಓದಿ ಹೋದರು. ಪೋಷಕರು ಕೋರ್ಟಿಗೆ ಹೋದರು.

ಆ ಕೇಸಿನಲ್ಲಿ ಒಂದು ಅಚ್ಚಿನ ತಪ್ಪು ದೊಡ್ಡ ಸಾಕ್ಷಿಯಾಯಿತು. ಶಿಫಾರಸಾಗಿದ್ದ ಆ ಪುಸ್ತಕದ ಹಳೆಯ ಕರಡುಗಳನ್ನು ತರಿಸಿ ನೋಡಿದರು. 1987ರ ತೀರ್ಪಿಗೆ ಮೊದಲಿನ ಕರಡುಗಳಲ್ಲಿ 'ಕ್ರಿಯೇಷನಿಸ್ಟ್ಸ್', ಅಂದರೆ ಸೃಷ್ಟಿವಾದಿಗಳು, ಎಂದಿತ್ತು. ತೀರ್ಪಿನ ನಂತರದ ಕರಡಿನಲ್ಲಿ ಅದೇ ಜಾಗದಲ್ಲಿ 'ಡಿಸೈನ್ ಪ್ರೊಪೊನೆಂಟ್ಸ್', ವಿನ್ಯಾಸದ ಪ್ರತಿಪಾದಕರು. ಒಂದು ಕಡೆ ಮಾತ್ರ ಹಳೆಯ ಪದ ಸರಿಯಾಗಿ ಅಳಿಸದೆ, ಹೊಸದು ಅದರ ಹೊಟ್ಟೆಯೊಳಗೆ ಸಿಕ್ಕಿಕೊಂಡು 'ಸಿಡಿಸೈನ್ ಪ್ರೊಪೊನೆಂಟ್ಸಿಸ್ಟ್ಸ್' ಎಂಬ ವಿಚಿತ್ರ ಪದ ಹುಟ್ಟಿಬಿಟ್ಟಿತ್ತು. ಹೆಸರು ಬದಲಾಯಿಸಿದ ಗಾಯ ಹಾಗೇ ಉಳಿದಿತ್ತು.

ಇದಕ್ಕೆ ಸರಿಜೋಡಿಯಾದ ಇನ್ನೊಂದು ಸಾಕ್ಷ್ಯವನ್ನು ಅದೇ ಕೋರ್ಟಿನಲ್ಲಿ ಜೀವಶಾಸ್ತ್ರಜ್ಞ ಕೆನೆತ್ ಮಿಲ್ಲರ್ ಮುಂದಿಟ್ಟರು. ಜೀವಕೋಶದಲ್ಲಿ ಜೀನ್‌ಗಳನ್ನು ಹೊತ್ತ ಡಿಎನ್‌ಎ ಎಳೆಗಳೇ ಕ್ರೋಮೋಸೋಮ್‌ಗಳು. ಮನುಷ್ಯನಲ್ಲಿ 46 ಕ್ರೋಮೋಸೋಮ್, ಅಂದರೆ 23 ಜೊತೆ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಲ್ಲಿ 48, ಅಂದರೆ 24 ಜೊತೆ. ಎಲ್ಲರೂ ಒಂದೇ ಪೂರ್ವಜರಿಂದ ಬಂದವರಾದರೆ ನಮ್ಮದೊಂದು ಜೊತೆ ಎಲ್ಲಿ ಹೋಯಿತು? ಸುಮ್ನೆ ಕಳೆದುಹೋಗುವಂತಿಲ್ಲ, ಅದರಲ್ಲಿ ಬದುಕಿಗೆ ಬೇಕಾದ ಎಷ್ಟೋ ಜೀನ್‌ಗಳಿವೆ. ಎರಡು ಕ್ರೋಮೋಸೋಮ್ ಅಂಟಿಕೊಂಡು ಒಂದಾಗಿರಬೇಕು. ಹಾಗಿದ್ದರೆ ಅಂಟಿದ ಗುರುತು ಸಿಗಬೇಕು. ಪ್ರತಿ ಕ್ರೋಮೋಸೋಮಿನ ತುದಿಯಲ್ಲಿ ಟೆಲೊಮಿಯರ್ ಎಂಬ ಒಂದೇ ಥರ ಮರುಕಳಿಸುವ ಡಿಎನ್‌ಎ ಅಕ್ಷರಗಳ ಸಾಲು ಇರುತ್ತದೆ. ಮನುಷ್ಯನ 2ನೇ ಕ್ರೋಮೋಸೋಮಿನಲ್ಲಿ ಆ ತುದಿಯ ಸಾಲು ಒಳಗಡೆಯೂ ಇದೆ, ಎರಡು ತುದಿಗಳು ಡಿಕ್ಕಿ ಹೊಡೆದು ನಿಂತಂತೆ ಎದುರುಬದುರಾಗಿ. ಪ್ರತಿ ಕ್ರೋಮೋಸೋಮಿನಲ್ಲಿ ಒಂದೇ ಇರಬೇಕಾದ ಸೆಂಟ್ರೊಮಿಯರ್ ಎಂಬ ಸೊಂಟದಂಥ ಭಾಗದ ಇನ್ನೊಂದು ಅವಶೇಷವೂ ಅಲ್ಲಿದೆ. ಮೊದಲು ಊಹೆ, ಆಮೇಲೆ ಹುಡುಕಾಟ, ಆಮೇಲೆ ಪುರಾವೆ. ಪುರಾವೆ ಸಿಗದಿದ್ದರೆ ಸಿದ್ಧಾಂತ ಪೇಚಿಗೆ ಸಿಲುಕುತ್ತಿತ್ತು. ವಿಜ್ಞಾನದಲ್ಲಿ 'ಸಿದ್ಧಾಂತ' ಅಂದರೆ ಹೀಗೆ ಸೋಲಲು ಅವಕಾಶ ಇಟ್ಟುಕೊಂಡು ಗೆದ್ದದ್ದು. ಎಲ್ಲವನ್ನೂ ಯಾರೋ ವಿನ್ಯಾಸ ಮಾಡಿದರು ಅನ್ನುವ ಮಾತು ಯಾವ ಪುರಾವೆ ಸಿಕ್ಕರೆ ಸುಳ್ಳಾಗುತ್ತದೆ? ಅದಕ್ಕೆ ಉತ್ತರವಿಲ್ಲ.

ಅಂದ ಹಾಗೆ, ಮಿಲ್ಲರ್ ಚರ್ಚಿಗೆ ಹೋಗುವ ಕ್ಯಾಥೊಲಿಕ್. 2005ರ ಡಿಸೆಂಬರ್ 20ರಂದು ಇಂಟೆಲಿಜೆಂಟ್ ಡಿಸೈನ್ ವಿಜ್ಞಾನವಲ್ಲ ಎಂದು 139 ಪುಟಗಳ ತೀರ್ಪು ಬರೆದ ನ್ಯಾಯಾಧೀಶ ಜಾನ್ ಜೋನ್ಸ್ ಅವರನ್ನು ಆ ಹುದ್ದೆಗೆ ನೇಮಿಸಿದ್ದು ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್.

ಬೇರೆ ಕಡೆಗಳಲ್ಲಿ

ಇದು ಅಮೆರಿಕದ ಖಾಯಿಲೆ ಮಾತ್ರ ಅಂದುಕೊಂಡರೆ ತಪ್ಪು. ಟರ್ಕಿ 2017ರಲ್ಲಿ 9ನೇ ತರಗತಿಯ ಪಠ್ಯಕ್ರಮದಿಂದ ವಿಕಾಸವನ್ನು ತೆಗೆಯಿತು. ವಿಷಯ ಮಕ್ಕಳ ಮಟ್ಟಕ್ಕೆ ಮೀರಿದ್ದು ಎಂಬ ಕಾರಣ ಕೊಟ್ಟರು. ಪಕ್ಕದ ಇರಾನಿನ ಶಾಲಾ ಪಠ್ಯಗಳಲ್ಲಿ ವಿಕಾಸ ಇದೆ. ಧರ್ಮ ಒಂದೇ ಇದ್ದರೂ ಪಠ್ಯಕ್ರಮ ಒಂದೇ ಇರುವುದಿಲ್ಲ. ಕ್ಯಾಥೊಲಿಕ್ ಚರ್ಚು 1950ರಲ್ಲೇ ದೇಹದ ವಿಕಾಸದ ಬಗ್ಗೆ ಸಂಶೋಧನೆ, ಚರ್ಚೆ ನಡೆಯಬಹುದು ಎಂದಿತ್ತು. ಆತ್ಮದ ಮಾತು ಬೇರೆ, ಅದು ದೇವರದು ಎಂದಿತ್ತು. 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರು ವಿಕಾಸ ಬರೀ ಊಹೆಗಿಂತ ಹೆಚ್ಚಿನದು ಎಂದು ಒಪ್ಪಿಕೊಂಡರು.

ಭಾರತದಲ್ಲಿ 2023ರಲ್ಲಿ ಎನ್‌ಸಿಇಆರ್‌ಟಿಯ 10ನೇ ತರಗತಿ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗ ಹೊರಬಿತ್ತು. 'ಅನುವಂಶೀಯತೆ ಮತ್ತು ವಿಕಾಸ' ಎಂಬ ಅಧ್ಯಾಯ ಬರೀ 'ಅನುವಂಶೀಯತೆ' ಆಯಿತು. ಕೋವಿಡ್ ನಂತರ ಮಕ್ಕಳ ಹೊರೆ ಇಳಿಸುವುದು ಅಧಿಕೃತ ಕಾರಣ. 12ನೇ ತರಗತಿಯ ಜೀವಶಾಸ್ತ್ರದಲ್ಲಿ ವಿಕಾಸ ಇದ್ದೇ ಇದೆಯಲ್ಲ ಎಂದರು. ಆದರೆ 10ರ ನಂತರ ಜೀವಶಾಸ್ತ್ರ ತೆಗೆದುಕೊಳ್ಳದ ಮಕ್ಕಳೇ ಜಾಸ್ತಿ. ಅವರಿಗೆ ಈ ಪಾಠ ಕೇಳುವ ಕಡೆಯ ಅವಕಾಶ ಅದಾಗಿತ್ತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ವಿರೋಧಿಸಿ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು.

ಹಿಂದೂಗಳಲ್ಲಿ ಈ ಜಗಳ ಇಲ್ಲ, ದಶಾವತಾರದಲ್ಲೇ ವಿಕಾಸ ಇದೆಯಲ್ಲ ಎಂಬ ಮಾತನ್ನೂ ಕೇಳಿರುತ್ತೀರಿ. ಮೊದಲು ಮೀನು, ಆಮೇಲೆ ಆಮೆ, ಆಮೇಲೆ ಹಂದಿ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಇದು ಮತ್ತೆ ಅದೇ ಮೆಟ್ಟಿಲಿನ ಚಿತ್ರ. ಅವತಾರದ ಕಥೆಗೂ ಇದರಿಂದ ಲಾಭವಿಲ್ಲ, ಜೀವಶಾಸ್ತ್ರಕ್ಕೂ ಇಲ್ಲ. ಡಾರ್ವಿನ್ ಜೊತೆ ತಾಳೆಯಾದರೆ ಮಾತ್ರ ಪುರಾಣಕ್ಕೆ ಬೆಲೆ ಎಂದು ಹೇಳಿದ ಹಾಗಾಗುತ್ತದೆ.

ತರಗತಿಯೊಳಗೆ

ಕಾನೂನು, ಕೋರ್ಟು ಎಲ್ಲ ಒಂದು ಕಡೆ. ಒಂದು ಹುಡುಗಿ ಎದ್ದು ನಿಂತು "ಸರ್, ನಮ್ಮ ಮನೆಯಲ್ಲಿ ದೇವರು ಸೃಷ್ಟಿ ಮಾಡಿದ್ದು ಅಂತ ಹೇಳಿಕೊಟ್ಟಿದ್ದಾರೆ, ಅದು ಸುಳ್ಳಾ?" ಅಂತ ಕೇಳಿದರೆ ಏನು ಮಾಡಬೇಕು?

ನನ್ನ ಪ್ರಕಾರ ಇಲ್ಲಿ ಶಿಕ್ಷಕರು ಎರಡು ಥರ ಎಡವಬಹುದು. "ನಿಮ್ಮ ಮನೆಯಲ್ಲಿ ಹೇಳಿದ್ದೂ ಸರಿ, ಇದೂ ಸರಿ, ಮುಂದಿನ ಪಾಠಕ್ಕೆ ಹೋಗೋಣ" ಅನ್ನುವುದು ಒಂದು. "ದೇವರೂ ಇಲ್ಲ, ಗೀವರೂ ಇಲ್ಲ" ಅನ್ನುವುದು ಇನ್ನೊಂದು. ಎರಡನೆಯದು ಧೈರ್ಯದಂತೆ ಕಾಣುತ್ತದೆ. ಆದರೆ ಅದನ್ನು ಹೇಳಲು ವಿಜ್ಞಾನದ ಬೆಂಬಲ ಇಲ್ಲ. ಭೂಮಿಗೆ ಸುಮಾರು 450 ಕೋಟಿ ವರ್ಷ, ಮನುಷ್ಯ ಮತ್ತು ಚಿಂಪಾಂಜಿಗೆ ಪೂರ್ವಜರು ಒಬ್ಬರೇ ಅನ್ನುವುದನ್ನು ಅಳೆದು, ಪರೀಕ್ಷಿಸಿ ಹೇಳಬಹುದು. ಇದೆಲ್ಲದರ ಹಿಂದೆ ಒಬ್ಬ ದೇವರಿದ್ದಾನೋ ಇಲ್ಲವೋ ಅನ್ನುವುದನ್ನು ಅಳೆಯುವ ಉಪಕರಣ ಯಾವ ಪ್ರಯೋಗಾಲಯದಲ್ಲೂ ಇಲ್ಲ. ಭೂಮಿಗೆ ಬರೀ ಆರು ಸಾವಿರ ವರ್ಷ ಎಂದು ಮಗು ಹೇಳಿದರೆ, ಅದು ಕಲ್ಲು ಹೇಳುವ ಸಾಕ್ಷ್ಯಕ್ಕೆ ವಿರುದ್ಧ ಎಂದು ನೇರವಾಗಿ ಹೇಳಬೇಕು. ದೇವರು ಇದ್ದಾನೆ ಎಂದರೆ, ಅದು ಈ ಪಿರಿಯಡ್‌ನ ಪ್ರಶ್ನೆ ಅಲ್ಲ.

ಇಲ್ಲಿ ಸಹಾಯಕ್ಕೆ ಬರುವುದು ನಂಬುವುದು ಮತ್ತು ಅರ್ಥಮಾಡಿಕೊಳ್ಳುವುದರ ನಡುವಿನ ವ್ಯತ್ಯಾಸ. ಪರೀಕ್ಷೆಯಲ್ಲಿ "ನೀನು ವಿಕಾಸವನ್ನು ನಂಬುತ್ತೀಯಾ?" ಎಂದು ಕೇಳುವುದಿಲ್ಲ. "ಮನುಷ್ಯ ಮತ್ತು ಚಿಂಪಾಂಜಿ ಸಂಬಂಧಿಗಳು ಎಂದು ವಿಜ್ಞಾನಿಗಳು ಯಾವ ಪುರಾವೆಯಿಂದ ಹೇಳುತ್ತಾರೆ?" ಎಂದು ಕೇಳುತ್ತೇವೆ. ಆ ಹುಡುಗಿ ಇದಕ್ಕೆ ಪೂರ್ತಿ ಅಂಕ ತೆಗೆದು, ಮನೆಗೆ ಹೋಗಿ ದೇವರಿಗೆ ಕೈ ಮುಗಿಯಬಹುದು. ಶಿಕ್ಷಕರಿಗೆ ಅದರಿಂದ ನಷ್ಟವೇನೂ ಇಲ್ಲ.

ಹೀಗೆ ಹೇಳುವುದರಿಂದ ಏನಾದರೂ ಉಪಯೋಗ ಇದೆಯಾ? ಇದೆ. ಅಮೆರಿಕದ ಅರಿಜೋನಾದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ವಿಕಾಸದ ಒಂದು ಚಿಕ್ಕ ಪಾಠಸರಣಿ ಮಾಡಿದರು. ಅದರಲ್ಲಿ ಧರ್ಮದ ಮಾತನ್ನು ಮುಚ್ಚಿಡಲಿಲ್ಲ. ದೇವರನ್ನು ನಂಬುವ ಜೀವಶಾಸ್ತ್ರಜ್ಞರೂ ಇದ್ದಾರೆ, ಎರಡಕ್ಕೂ ಜಗಳ ಇರಲೇಬೇಕೆಂದಿಲ್ಲ ಎಂದು ಬಾಯಿಬಿಟ್ಟು ಹೇಳಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಧರ್ಮಕ್ಕೂ ವಿಕಾಸಕ್ಕೂ ಹೊಂದುವುದಿಲ್ಲ ಅನ್ನುತ್ತಿದ್ದ ವಿದ್ಯಾರ್ಥಿಗಳ ಸಂಖ್ಯೆ ಅರ್ಧಕ್ಕೆ ಇಳಿಯಿತು.

ಆದರೆ ಎಷ್ಟು ಜನ ಶಿಕ್ಷಕರಿಗೆ ಇಷ್ಟು ಮಾತಾಡುವ ಬಿಡುವು, ಧೈರ್ಯ, ತರಬೇತಿ ಇದೆ? 2011ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಅಮೆರಿಕದ 926 ಪ್ರೌಢಶಾಲಾ ಜೀವಶಾಸ್ತ್ರ ಶಿಕ್ಷಕರನ್ನು ಕೇಳಿತ್ತು. ಸುಮಾರು 28% ಜನ ವಿಕಾಸವನ್ನು ಹೇಗೆ ಕಲಿಸಬೇಕೋ ಹಾಗೆ ಕಲಿಸುತ್ತಿದ್ದರು. 13% ಜನ ತರಗತಿಯಲ್ಲೇ ಸೃಷ್ಟಿವಾದದ ಪರ ಮಾತಾಡುತ್ತಿದ್ದರು. ಉಳಿದ ಸುಮಾರು 60% ಮಧ್ಯದಲ್ಲಿ. ಯಾರ ಪರವೂ ಇಲ್ಲ, ವಿರೋಧವೂ ಇಲ್ಲ. ಬ್ಯಾಕ್ಟೀರಿಯಾ ಬಗ್ಗೆ ಹೇಳಿ ಮನುಷ್ಯನ ವಿಷಯ ಬಿಡುವುದು, "ಪರೀಕ್ಷೆಗೆ ಬರುತ್ತೆ, ಓದಿಕೊಳ್ಳಿ" ಅನ್ನುವುದು ಇಂಥವರ ದಾರಿ. ಎಲ್ಲ ಸುಪ್ರೀಂ ಕೋರ್ಟು ತೀರ್ಪುಗಳೂ ಬಂದು ದಶಕಗಳಾದ ಮೇಲಿನ ಸ್ಥಿತಿ ಇದು. ಇವರಲ್ಲಿ ಎಷ್ಟೋ ಜನಕ್ಕೆ ವಿಕಾಸದ ಬಗ್ಗೆ ಅನುಮಾನವೇನೂ ಇಲ್ಲ. ಪೋಷಕರ ಒಂದು ಫೋನ್ ಕರೆ, ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಒಂದು ಮಾತುಕತೆ, ಇದು ಬೇಡ ಅನ್ನಿಸುತ್ತದೆ, ಅಷ್ಟೆ. ಕಾನೂನಿನಿಂದ ನಿಷೇಧಿಸಲು ಆಗದ ಪಾಠವನ್ನು ಮುಜುಗರ ಸಲೀಸಾಗಿ ನಿಲ್ಲಿಸುತ್ತದೆ. ಯಾವ ಕೋರ್ಟಿನಲ್ಲೂ ಅದರ ಮೇಲೆ ಕೇಸು ಹಾಕಲು ಬರುವುದಿಲ್ಲ.

ಡೇಟನ್‌ನ ಆ ಪ್ರಸಿದ್ಧ ವಿಚಾರಣೆಯಲ್ಲೂ ಇಂಥದ್ದೊಂದು ವಿಷಯ ಅಡಗಿತ್ತು. ಸ್ಕೋಪ್ಸ್ ಒಮ್ಮೆಯೂ ಸಾಕ್ಷಿ ಕಟ್ಟೆ ಹತ್ತಲಿಲ್ಲ. ಹತ್ತಿದ್ದರೆ ಫಜೀತಿಯಾಗುತ್ತಿತ್ತು. ವಿಕಾಸ ಕಲಿಸಿದ ಅಪರಾಧಕ್ಕೆ ಜಗತ್ತಿನಲ್ಲೆಲ್ಲ ಹೆಸರಾದ ಆ ಮೇಷ್ಟ್ರಿಗೆ, ತಾನು ಆ ಪಾಠ ನಿಜಕ್ಕೂ ಮಾಡಿದ್ದೆನೋ ಇಲ್ಲವೋ ಅನ್ನುವುದೇ ಖಾತ್ರಿ ಇರಲಿಲ್ಲ.